ನಮ್ಮ ಮನೆಯ ಉಕ್ರೇನ್

ಮನುಷ್ಯನಿಗೆ ಯಾವುದಾದರೂ ಒಂದು ವಿಷಯದಲ್ಲಿ ಪಂಡಿತನೆಂಬ ಹೆಸರು ಬಂದುಬಿಟ್ಟರೆ ಅವನ ನೆಮ್ಮದಿ ಅಲ್ಲಿಗೆ ಮುಗಿಯಿತೆಂದು ತಿಳಿಯಬೇಕು. ಹಲ್ಲುನೋವಿಗೆ ಮಂತ್ರ ಹಾಕುತ್ತಾನೆ ಎಂದು ಹೆಸರಾದವನಿಗೆ ಊಟಕ್ಕೆ ಕೂತಾಗಲೂ ಬಿಡುವಿಲ್ಲ. ನನಗೆ ಬಂದ ಹೆಸರು ಇನ್ನೂ ವಿಚಿತ್ರವಾದದ್ದು. ಅತ್ತ ಸಿರಾದಿಂದ ಇತ್ತ ಪಾವಗಡದವರೆಗೆ ಉಕ್ರೇನ್ ಎಂಬ ದೇಶದ ವಿಷಯ ಬಲ್ಲವನು ನಾನೊಬ್ಬನೇ ಎಂದು ಜನ ತೀರ್ಮಾನಿಸಿಬಿಟ್ಟಿದ್ದರು. ಆ ದೇಶವನ್ನು ನಾನು ಕಂಡವನಲ್ಲ. ನಾನು ಕಂಡ ಅತಿ ದೂರದ ಊರು ಮೈಸೂರು. ಅದೂ ದಸರೆಯ ನೂಕುನುಗ್ಗಲಿನಲ್ಲಿ ಯಾರದೋ ಬೆನ್ನನ್ನು ಕಂಡದ್ದೇ ಹೆಚ್ಚು. ಮಧುಗಿರಿಯ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿ, ಸಂಜೆ ಬೆಟ್ಟದ ಬಂಡೆ ಉಗುಳುವ ಬಿಸಿಯಲ್ಲಿ ಬೆಂದು, ಮನೆಗೆ ಬಂದು ಜಗಲಿಯ ಮೇಲೆ ಬೆನ್ನು ಚಾಚಿದರೆ ಸಾಕಪ್ಪಾ ಸಾಕು ಎನ್ನುವ ಪ್ರಾಣಿ ನಾನು. ಆದರೆ ಆ ದೇಶದವನೊಬ್ಬ ನಮ್ಮ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದ. ಪಾಂಡಿತ್ಯಕ್ಕೆ ಅಷ್ಟು ಸಾಕಾಯಿತು.

ಅದು ಯುದ್ಧದ ಕಾಲ. ಪೆಟ್ರೋಲ್ ಸಿಕ್ಕದೆ ಬಸ್ಸುಗಳೆಲ್ಲ ಬೆನ್ನಿಗೊಂದು ಇದ್ದಿಲ ಒಲೆ ಕಟ್ಟಿಕೊಂಡು, ಅದರ ಹೊಗೆಯ ಬಲದಿಂದ ಕೆಮ್ಮುತ್ತ ಓಡಾಡುತ್ತಿದ್ದ ದಿನಗಳು. ಸಿರಾದ ಸಾಹೇಬರೊಬ್ಬರು ಸಿರಾ, ಮಧುಗಿರಿ, ಕೊರಟಗೆರೆಗೆ ಅಂಥ ಬಸ್ಸುಗಳನ್ನು ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ದಾಕ್ಷಿಣ್ಯದ ಮಾತು. ಏರು ಬಂದಾಗ ಇಳಿದು ತಳ್ಳುತ್ತಿದ್ದವರು ನಾವು. ಈ ಒಲೆಗಳ ಮರ್ಮ ಬಲ್ಲ ಮೆಕ್ಯಾನಿಕ್ಕನೊಬ್ಬನನ್ನು ಸಾಹೇಬರು ಎಲ್ಲಿಂದಲೋ ಹಿಡಿದು ತಂದರು. ಹಡಗಿನ ಎಂಜಿನ್ನುಗಳ ಜೊತೆ ಅಲೆಯುತ್ತಿದ್ದವನು ಯುದ್ಧ ಶುರುವಾದಾಗ ಬೊಂಬಾಯಿಯಲ್ಲಿ ಸಿಕ್ಕಿಕೊಂಡನಂತೆ. ಹೆಸರು ಸ್ತೆಪಾನ್. ಬಂದ ವಾರದೊಳಗೆ ಬಸ್‌ಸ್ಟ್ಯಾಂಡಿನ ಜನ ಅವನನ್ನು ತಿಪ್ಪಣ್ಣ ಮಾಡಿದ್ದರು. "ಮೇಷ್ಟ್ರೇ, ನಿಮ್ಗೆ ಇಂಗ್ಲಿಷ್ ಬರ್ತದೆ, ಹೊರಕೋಣೆ ಖಾಲಿ ಐತೆ. ಆದ್ಮಿ ಬಹಳ ಷರೀಫ್, ಇಟ್ಕಳಿ" ಎಂದರು ಸಾಹೇಬರು. ಇಂಗ್ಲಿಷ್ ಕಲಿತದ್ದಕ್ಕೆ ಏನೇನು ಅನುಭವಿಸಬೇಕೋ ಎಂದುಕೊಂಡು ಒಪ್ಪಿದೆ.

ಬಂದ ದಿನವೇ ಅನಾಹುತ. ತಿಪ್ಪಣ್ಣ ಎರಡೂ ಕೈಗಳ ಮೇಲೆ ಕೆಂಪು ದಾರದ ಕಸೂತಿಯ ಟವೆಲ್ ಹಾಸಿ, ಅದರ ಮೇಲೊಂದು ದುಂಡನೆಯ ಬ್ರೆಡ್ಡು, ಬ್ರೆಡ್ಡಿನ ನೆತ್ತಿಯ ಮೇಲೆ ಒಂದು ಹಿಡಿ ಉಪ್ಪು ಇಟ್ಟುಕೊಂಡು ಬಾಗಿಲಿಗೆ ಬಂದ. ನನ್ನ ಹೆಂಡತಿ ರಂಗಮ್ಮನ ಮುಂದೆ ಬಗ್ಗಿ ಅದನ್ನು ನೀಡಿದ. ಹೊಸ ಮನೆಗೆ ಕಾಲಿಡುವಾಗ ಅವರ ಕಡೆಯ ಮರ್ಯಾದೆ ಅದು. ರಂಗಮ್ಮ ಹಾವು ಕಂಡವಳ ಹಾಗೆ ಹಿಂದಕ್ಕೆ ಹಾರಿದಳು. "ಅಯ್ಯಯ್ಯೋ, ಕೈಗೆ ಉಪ್ಪು ಕೊಡ್ತಾವ್ನಲ್ಲ! ನೆಲಕ್ಕಿಡು ಅನ್ನಿ, ನೆಲಕ್ಕಿಡು ಅನ್ನಿ!" ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಕಟ್ಟಿಟ್ಟದ್ದು ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಅವನಿಗೋ, ಅನ್ನವನ್ನು ನೆಲಕ್ಕೆ ಇಡುವುದೇ ಎಂಬ ಕೋಪ. ಅವನು ಮುಖ ಕೆಂಪಗೆ ಮಾಡಿಕೊಂಡು ಇನ್ನೂ ಮುಂದಕ್ಕೆ ನೀಡಿದ, ಅವಳು ಇನ್ನೂ ಹಿಂದಕ್ಕೆ ಸರಿದಳು. ಹೀಗೆ ಇಬ್ಬರೂ ಅಡುಗೆಮನೆಯ ಹೊಸ್ತಿಲವರೆಗೆ ಹೋದರು. ಕೊನೆಗೆ ನಡುವೆ ನಿಂತು ಬ್ರೆಡ್ಡನ್ನು ನಾನೇ ಕಸಿದುಕೊಂಡು ಕಟ್ಟೆಯ ಮೇಲಿಟ್ಟೆ. ಸಂಜೆಯೊಳಗೆ ಊರಿನಲ್ಲಿ ಸುದ್ದಿ: ಆ ದೇಶದವರು ಜಗಳಕ್ಕೆ ಕರೆಯಬೇಕಾದರೆ ಉಪ್ಪು ಹಿಡಿದುಕೊಂಡು ಬರುತ್ತಾರಂತೆ.

ಅಲ್ಲಿಂದ ನಮ್ಮ ಜಗಲಿ ಒಂದು ಕಚೇರಿಯಾಯಿತು. ಸಂತೆಗೆ ಬಂದವರು, ಬಸ್ಸು ಕೆಟ್ಟು ಕೂತವರು, ಎಲ್ಲರೂ ತಿಪ್ಪಣ್ಣನ ದೇಶ ಹೇಗೆಂದು ವಿಚಾರಿಸಲು ಬಂದರು. ಬಂದವರಿಗೆ ರಂಗಮ್ಮ ಮಜ್ಜಿಗೆ ಕೊಡಬೇಕು, ನಾನು ಅರ್ಥ ಹೇಳಬೇಕು. ನಮ್ಮ ಸೀಮೆಯ ಜನ ಒಂದು ದೇಶವನ್ನು ಅಳೆಯುವುದು ನೆಲದಿಂದ. ಅಲ್ಲಿನ ರಾಜ ಯಾರು ಎಂದು ಯಾರೂ ಕೇಳಲಿಲ್ಲ. ನಿಡುಗಲ್ಲಿನ ಕಡೆಯ ನನ್ನ ಮಾವನವರು ಒಮ್ಮೆ ಬಂದವರು ಕೂತ ಕೂಡಲೇ, "ಏನಪ್ಪ ತಿಪ್ಪಣ್ಣ, ನಿಮ್ಕಡೆ ನೆಲ ಹೆಂಗೆ? ಕೆಂಪೋ, ಎರೆಯೋ?" ಎಂದರು. ತಿಪ್ಪಣ್ಣನ ಇಂಗ್ಲಿಷು ಹಡಗಿನದು, ಕನ್ನಡ ಬಸ್‌ಸ್ಟ್ಯಾಂಡಿನದು; ಎರಡೂ ನಾನು ಕ್ಲಾಸಿನಲ್ಲಿ ಹೇಳಿಕೊಡುವಂಥವಲ್ಲ. "ಎರೆ, ಯಜಮಾನ್ರೇ. ಕರ್ರಗೆ. ಆಳುದ್ದ ತೋಡಿದ್ರೂ ಎರೇನೇ" ಎಂದು ಕೈ ಎತ್ತಿ ತೋರಿಸಿದ. ಮಾವನವರು ನನ್ನ ಕಡೆ ತಿರುಗಿ, "ಆಳುದ್ದ ಎರೆ ನೆಲ ಬುಟ್ಟು ಇಲ್ ಬಂದು ಬಸ್ಸಿಗೆ ಇದ್ಲು ಹಾಕ್ತಾವ್ನೆ ಅಂದ್ರೆ, ದಾಯಾದಿ ವ್ಯಾಜ್ಯ ಇರ್ಬೇಕು ಕಣಪ್ಪ" ಎಂದರು. ನಾನು ಅರ್ಥ ಹೇಳಿದೆ. ತಿಪ್ಪಣ್ಣ ನಗಲಿಲ್ಲ. ಸ್ವಲ್ಪ ಯೋಚಿಸಿ, "ಊಂ, ಒಂಥರಾ ಅಂಗೇಯ" ಎಂದ. ಯಾರಾದರೂ ಅವನನ್ನು ರಷ್ಯಾದವನು ಎಂದರೆ ಮಾತ್ರ ಸ್ಪ್ಯಾನರ್ ಕೆಳಗಿಟ್ಟು, "ರಷ್ಯಾ ಅಲ್ಲ, ಉಕ್ರೇನ್" ಎಂದು ಮತ್ತೆ ಕೆಲಸಕ್ಕೆ ಕೈಹಾಕುತ್ತಿದ್ದ. ದಿನವೂ ಹೇಳಬೇಕಾಗಿತ್ತು. ಅವನ ಆ ದಣಿವನ್ನು ಕಂಡು ನನಗೆ ನಿಜವಾಗಿ ಮರುಕವಾಗುತ್ತಿತ್ತು.

ಇಷ್ಟರಲ್ಲಿ ವಾಚನಾಲಯದವರು ಬಂದು, ಉಕ್ರೇನಿನ ಜನ ಮತ್ತು ದೇಶದ ವಿಚಾರವಾಗಿ ನಾನು ಭಾಷಣ ಮಾಡಲೇಬೇಕು ಎಂದು ಕೂತರು. ಒಲ್ಲೆ ಎನ್ನಲು ಬೇಕಾದ ಶಕ್ತಿ ನನ್ನಲ್ಲಿ ಎಂದೂ ಇಲ್ಲ. ವಿಷಯ ಸಂಗ್ರಹಕ್ಕೆಂದು ತಿಪ್ಪಣ್ಣನ ಬಳಿ ಹೋದೆ. ನದಿಗಳ ಹೆಸರು ಕೇಳಿದರೆ ಅವನು ತನ್ನ ಅಜ್ಜಿಯ ಮನೆಯ ಒಲೆಯ ವಿಷಯ ಹೇಳಿದ; ಅದರ ಮೇಲೆ ಚಳಿಗಾಲದಲ್ಲಿ ಮಲಗಬಹುದಂತೆ. ಬೆಳೆ ಕೇಳಿದರೆ ಒಂದು ಹಾಡು ಹೇಳಿದ, ಕಣ್ಣೊರೆಸಿಕೊಂಡ. ದುಃಖದ ಹಾಡೇ ಎಂದರೆ ಅಲ್ಲ, ಮದುವೆಯ ಹಾಡು ಎಂದ. ಇದನ್ನೆಲ್ಲ ಇಟ್ಟುಕೊಂಡು ಯಾರು ಭಾಷಣ ಮಾಡುತ್ತಾರೆ? ಕೊನೆಗೆ ವೇದಿಕೆಯ ಮೇಲೆ ನಿಂತು, ಅಲ್ಲಿನ ಜನ ಸರಳರು, ಅತಿಥಿಪ್ರಿಯರು, ಸಂಗೀತಪ್ರಿಯರು, ಭೂಮಿತಾಯಿಯ ಮಕ್ಕಳು ಎಂದೆ. ಜನ ಚಪ್ಪಾಳೆ ತಟ್ಟಿದರು. ನಮ್ಮ ದೇಶಕ್ಕೆ ಬಂದುಹೋಗುವ ಬಿಳಿಯರು ನಮ್ಮ ವಿಷಯದಲ್ಲಿ ಹೇಳುವುದೂ ಇದನ್ನೇ. ಏನೂ ಗೊತ್ತಿಲ್ಲದ ಯಾವ ದೇಶದ ಮೇಲಾದರೂ ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಭಾಷಣದ ಮಾರನೆಯ ದಿನ ಸಂಜೆ ತಿಪ್ಪಣ್ಣ ಸ್ನಾನ ಮಾಡಿ, ತಲೆ ಬಾಚಿ, ನನ್ನೆದುರು ಬಂದು ನಿಂತ. "ಮೇಷ್ಟ್ರೇ, ನೀವು ದೊಡ್ಡೋರು. ನಮ್ಮೂರಾಗೆ ಹೆಣ್ ಕೇಳಾಕೆ ದೊಡ್ಡೋರು ಓಗ್ಬೇಕು. ನಂಗೆ ಇಲ್ಲಿ ಬ್ಯಾರೆ ಯಾರೂ ಇಲ್ಲ" ಎಂದ. ಹೆಣ್ಣು ಗ್ರೇಸಮ್ಮ, ಮಧುಗಿರಿಯ ಹೆಣ್ಣುಮಕ್ಕಳ ಶಾಲೆಯ ಟೀಚರು. ದಿನಾ ಕೊರಟಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ಬಸ್ಸು ದಾರಿಯಲ್ಲಿ ನಿಂತಾಗಲೆಲ್ಲ ಇವನು ಒಲೆ ಕೆದಕುತ್ತಿದ್ದ, ಅವಳು ಹುಣಸೆಮರದಡಿ ಕೂತು ಹುಡುಗಿಯರ ಲೆಕ್ಕ ತಿದ್ದುತ್ತಿದ್ದಳು. ಎಷ್ಟು ಮಾತಾಡಿದ್ದರೋ ನನಗೆ ತಿಳಿಯದು; ಆ ಬಸ್ಸು ನಿಲ್ಲುತ್ತಿದ್ದ ಪರಿ ನೋಡಿದರೆ ಮಹಾಭಾರತದಷ್ಟು ಮಾತಾಡಲು ಪುರುಸೊತ್ತಿತ್ತು. "ಅವಳು ಊಂ ಅಂದ್ರೆ ಇಲ್ಲೇ ಇರ್ತೀನಿ. ಇಲ್ಲಾ ಅಂದ್ರೆ ಈ ಸೀಮೇಲಿ ಇರಾಕಾಗಲ್ಲ, ಒಂಟೋಯ್ತೀನಿ" ಎಂದ. ಊರಿಲ್ಲದವನು ಒಂದು ಊರನ್ನು ಕೇಳುತ್ತಿದ್ದಾನೆ ಎನ್ನಿಸಿತು. ಬೆನ್ನುನೋವಿದ್ದರೂ ಮಾರನೆಯ ದಿನ ಕೊರಟಗೆರೆಗೆ ಹೊರಟೆ.

ಗ್ರೇಸಮ್ಮನ ತಂದೆ ದೇವದಾಸಪ್ಪನವರು ನಿವೃತ್ತ ಕಾಂಪೌಂಡರು. ಜ್ವರದ ಔಷಧಿ ಕೊಡುವಷ್ಟೇ ನಿಧಾನವಾಗಿ ಮಾತು ಕೊಡುವವರು. ಹುಡುಗ ಕುಡಿಯುತ್ತಾನೆಯೇ, ಪ್ರಾರ್ಥನೆ ಮಾಡುತ್ತಾನೆಯೇ, ಮಗಳನ್ನು ಸಮುದ್ರದಾಚೆ ಕರೆದುಕೊಂಡು ಹೋಗುತ್ತಾನೆಯೇ, ಎಲ್ಲ ಕೇಳಿದರು. ಒಳಗೆ ಹೋಗಿ ಮಗಳನ್ನೂ ಕೇಳಿ ಬಂದರು. ಕೊನೆಗೆ, "ಆಗಲಿ ಮೇಷ್ಟ್ರೇ, ದೇವರ ಚಿತ್ತ. ಆದ್ರೆ ಒಪ್ಗೆ ಮಾತನ್ನ ಬರಿಗೈಲಿ ಕಳಿಸ್ಬಾರ್ದು" ಎಂದವರೇ ಏಣಿ ಹಾಕಿ ಮಾಡಿನ ಮೇಲೆ ಹತ್ತಿದರು. ಅಲ್ಲೊಂದು ಸಿಹಿಗುಂಬಳಕಾಯಿ ಹಣ್ಣಾಗಿ ಕೂತಿತ್ತು, ಮಗುವಿನ ತೊಟ್ಟಿಲಷ್ಟು ದೊಡ್ಡದು. ಇಗರ್ಜಿಯ ಸುಗ್ಗಿ ಹಬ್ಬಕ್ಕೆ ಅರ್ಪಿಸಲೆಂದು ಅವರು ತಿಂಗಳುಗಟ್ಟಲೆ ಇಲಿ ಅಳಿಲುಗಳಿಂದ ಕಾಪಾಡಿದ್ದ ಕಾಯಿ. "ದೇವರಿಗೆ ಅಂತ ಇಟ್ಟಿದ್ದು. ಅಳಿಯನಿಗೆ ಕೊಟ್ರೆ ದೇವ್ರು ಬೇಜಾರು ಮಾಡ್ಕಳಲ್ಲ" ಎಂದು ನನ್ನ ಕೈಗೆ ಕೊಟ್ಟರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಕಾಯಿಯ ಭಾರಕ್ಕೆ.

ಆ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ ನನ್ನ ಪಾಡನ್ನು ಹೇಳಲಾರೆ. ಪಾವಗಡದ ಕಡೆಗೆ ಹೊರಟಿದ್ದ ಅಜ್ಜಿಯೊಬ್ಬಳು, "ಏಮಪ್ಪಾ, ಪುರಿಟಿಕಿ ತಗೊಂಡು ಹೋಗ್ತಿದ್ದೀಯಾ?" ಎಂದು ಕೇಳಿದಳು. ತೆಲುಗಿನಲ್ಲಿ ಪುರುಡು ಎಂದರೆ ಬಾಣಂತನ; ಮನೆಯ ಬಾಣಂತಿಗಾಗಿ ಒಯ್ಯುತ್ತಿರುವಂತೆ ಕಂಡಿರಬೇಕು. ಮನೆಗೆ ಬಂದಾಗ ತಿಪ್ಪಣ್ಣ ಜಗಲಿಯ ಮೇಲೆ ಕಾಯುತ್ತ ಕೂತಿದ್ದ. ಅವನನ್ನು ಬೆರಗುಗೊಳಿಸಬೇಕೆಂಬ ಚಪಲ ನನಗೆ. ಏನೂ ಹೇಳದೆ, ಮುಖದ ತುಂಬ ನಗುತ್ತ, ಆ ಕಾಯಿಯನ್ನು ಅವನ ಕೈಯಲ್ಲಿಟ್ಟೆ. "ಮಾವನ ಮನೆಯಿಂದ" ಎಂದು ಹೇಳಲು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವನ ಮುಖ ಸುಣ್ಣದಂತಾಯಿತು. "ಅವರ ಮನೆಯಿಂದ್ಲಾ?" ಎಂದ. "ಮತ್ತೆ? ಅವರ ಕೈಯಾರೆ ಕೊಟ್ಟದ್ದು" ಎಂದೆ. ಕಾಯಿಯನ್ನು ಮೆಲ್ಲಗೆ ಕೆಳಗಿಟ್ಟು, ನನಗೆ ಕೈಮುಗಿದು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸಂತೋಷಕ್ಕೂ ಅಳುವ ಜನ, ಅತ್ತು ಹಗುರಾಗಲಿ ಎಂದು ನಾನು ಕಾಲು ತೊಳೆದು ಉಂಡು ಮಲಗಿದೆ.

ಬೆಳಗ್ಗೆ ಎದ್ದರೆ ಕೋಣೆ ಖಾಲಿ. ಟ್ರಂಕು ಇಲ್ಲ. ನನಗೆ ರೇಗಿಹೋಯಿತು. ದೇವರ ಪಾಲಿನ ಕಾಯಿ ಕೊಟ್ಟು ಹೆಣ್ಣು ಕೊಡುತ್ತೇವೆ ಎಂದರೆ ಓಡಿಹೋಗುವುದೇ! ಇದೇನಾ ಇವರ ದೇಶದ ಮರ್ಯಾದೆ? ಸರಳರು, ಅತಿಥಿಪ್ರಿಯರು ಎಂದು ಹೊಗಳಿದ ನನ್ನ ಬಾಯಿಗೆ ಮಣ್ಣು ಹಾಕ ಎಂದು ಕೂಗಾಡಿದೆ. ದೇವದಾಸಪ್ಪನವರಿಗೆ ಯಾವ ಮುಖ ತೋರಿಸಲಿ? "ಕೂಗಾಡ್ತಾ ಕೂತ್ಕೊಬ್ಯಾಡ್ರಿ, ಬಸ್ಸು ಇನ್ನೂ ಹೊಂಟಿರಲ್ಲ" ಎಂದು ರಂಗಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದಳು. ಅವಳ ಮಾತು ನಿಜ. ಬಸ್ಸು ಹೊರಡಬೇಕಾದರೆ ಒಲೆ ಹತ್ತಬೇಕು, ಒಲೆ ಹತ್ತಬೇಕಾದರೆ ತಿಪ್ಪಣ್ಣನೇ ಬೇಕು. ಪಾಪ, ತನ್ನನ್ನು ಊರು ಬಿಡಿಸುವ ಬಸ್ಸಿನ ಬೆನ್ನ ಹಿಂದೆ ನಿಂತು ತಾನೇ ಒಲೆಗೆ ಗಾಳಿ ಊದುವ ಹಿಡಿಯನ್ನು ತಿರುಗಿಸುತ್ತಿದ್ದ. ಮುಖವೆಲ್ಲ ಮಸಿ, ಮಸಿಯ ಮೇಲೆ ನೀರಿಳಿದ ಗೆರೆಗಳು.

ನಾನು ಬಾಯಿ ತೆರೆಯುವ ಮೊದಲೇ ರಂಗಮ್ಮ ಕೇಳಿದಳು: "ಏನಪ್ಪ ತಿಪ್ಪಣ್ಣ, ಕುಂಬಳಕಾಯಿ ಏನ್ ಪಾಪ ಮಾಡಿತ್ತು?"

"ಅಮ್ಮಾ, ನಮ್ ದೇಶದಾಗೆ ಹೆಣ್ಣು ಒಲ್ಲೆ ಅಂದ್ರೆ ಬಾಯಲ್ಲಿ ಹೇಳಲ್ಲ. ಹೆಣ್ ಕೇಳಾಕ್ ಬಂದೋರ ಕೈಗೆ ಕುಂಬಳಕಾಯಿ ಕೊಟ್ಟು ಕಳಿಸ್ತಾರೆ. ಊರೆಲ್ಲ ನೋಡಿ ನಗ್ತದೆ. ಇವ್ರು ಅಷ್ಟು ದೊಡ್ಡದ್ನ ತಂದು, ನಗ್ತಾ ಕೊಟ್ರು."

ಉಕ್ರೇನಿನ ಪಂಡಿತನಾದ ನನ್ನ ತಲೆ ಗಿರ್ರೆಂದಿತು. ನಾನು ಬಡಬಡನೆ ಒಪ್ಪಿಗೆ, ಮಾಡು, ಏಣಿ, ಸುಗ್ಗಿ ಹಬ್ಬ ಎಂದೆಲ್ಲ ಹೇಳುತ್ತಿದ್ದರೆ ಅವನು ನಂಬದೆ ನನ್ನ ಬಾಯನ್ನೇ ನೋಡುತ್ತಿದ್ದ. ಅಷ್ಟರಲ್ಲಿ ಕೊರಟಗೆರೆಯ ಬಸ್ಸು ಬಂದು ನಿಂತಿತು, ಗ್ರೇಸಮ್ಮ ಇಳಿದಳು. ಟ್ರಂಕನ್ನು ನೋಡಿದಳು, ಅವನನ್ನು ನೋಡಿದಳು. "ನಮ್ಮಪ್ಪ ದೇವರಿಗಿಟ್ಟಿದ್ದನ್ನ ತೆಗೆದು ಕೊಟ್ರು. ಅದೂ ಸಾಲ್ದೇನು ಇವರಿಗೆ?" ಎಂದು ನನ್ನನ್ನು ಕೇಳಿದಳು. ತಿಪ್ಪಣ್ಣನಿಗೆ ಈಗ ನಂಬಿಕೆ ಬಂತು. ಗಾಳಿಯ ಹಿಡಿಯನ್ನು ಅಲ್ಲೇ ಬಿಟ್ಟು, ಟ್ರಂಕಿನ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತ. ಅವಳು ಕೈವಸ್ತ್ರ ಕೊಟ್ಟಳು. ಒಲೆ ಆರಿತು. ಬಸ್ಸಿನಲ್ಲಿ ಕೂತವರೆಲ್ಲ ನನ್ನನ್ನು ಬೈದರು.

ಆ ದಿನ ಭಾನುವಾರವಲ್ಲದಿದ್ದರೂ ನಾನು ಶಾಲೆಗೆ ಹೋಗಲಿಲ್ಲ; ಕಾಲುಗಳು ಒಪ್ಪಲಿಲ್ಲ. ಮಧ್ಯಾಹ್ನ ರಂಗಮ್ಮ ಆ ಕಾಯಿಯನ್ನು ಹೆಚ್ಚಿ ಹುಳಿ ಮಾಡಿದಳು. ತಿಪ್ಪಣ್ಣ ಮೊದಲ ಹೋಳನ್ನು ಹೆದರಿ ಹೆದರಿ ಬಾಯಿಗಿಟ್ಟು, ಆಮೇಲೆ ಕೇಳಿ ಕೇಳಿ ಹಾಕಿಸಿಕೊಂಡ. ರಂಗಮ್ಮ ಬಡಿಸುತ್ತ, "ಅಲ್ಲಪ್ಪ, ನಿಮ್ ದೇಶದ ಈ ಪದ್ಧತಿ ಎಷ್ಟು ಹಳೇದು?" ಎಂದು ಕೇಳಿದಳು.

"ಬಾಳಾ ಹಳೇದಮ್ಮ. ನಮ್ಮಜ್ಜಿ ಅವರ ಅಜ್ಜಿ ಕಾಲದ್ದು."

ಅವಳು ಸೌಟು ಹಿಡಿದುಕೊಂಡೇ ನಿಟ್ಟುಸಿರು ಬಿಟ್ಟು ನನ್ನ ಕಡೆ ನೋಡಿದಳು. "ನೋಡು ಮತ್ತೆ. ಇವ್ರು ನನ್ನ ನೋಡಾಕೆ ಬಂದ ದಿನ ನಮ್ಮಪ್ಪನ ಹಿತ್ಲು ತುಂಬಾ ಕುಂಬಳಕಾಯೇ. ಹೇಳೋರು ಒಬ್ರೂ ಇರ್ನಿಲ್ಲ."

ಉಕ್ರೇನಿನ ವಿಷಯದಲ್ಲಿ ಅವಳು ಅಷ್ಟು ಆಸ್ಥೆ ತೋರಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು. ತಲೆ ಬಗ್ಗಿಸಿಕೊಂಡು ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡೆ.