ಬಾವಿಗಿಳಿಯುವ ಮಾವನ ಭಯ

ನನ್ನ ಸೋದರಮಾವನಷ್ಟು ಧೈರ್ಯವಂತರು ನೆಕ್ರಾಜೆಯಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ಪುಕ್ಕಲರೂ ಇಲ್ಲ. ಎರಡೂ ಬಿರುದು ಕೊಟ್ಟವಳು ನಾನೇ, ಎರಡಕ್ಕೂ ಸಾಕ್ಷಿ ಹೇಳಬಲ್ಲೆ.

ಮಾವನ ಕಸುಬು ಪಂಪ್ ರಿಪೇರಿ. ಇಣುಕಿದರೇ ತಲೆ ತಿರುಗುವ ಬಾವಿಗೆ ಸವೆದ ಹಗ್ಗವೊಂದನ್ನು ನಂಬಿ ಇಳಿಯುತ್ತಾರೆ. ಹಗ್ಗ ಹಳತಾಯಿತಲ್ಲ ಎಂದರೆ, ನನ್ನಷ್ಟು ಹಳತಲ್ಲ ಎನ್ನುತ್ತಾರೆ. ಹೆದ್ದಾರಿಯಲ್ಲಿ ಎರಡು ಲಾರಿಗಳ ನಡುವೆ ಬೈಕು ನುಗ್ಗಿಸುವಾಗ ಹಿಂದೆ ಕೂತ ನಾನು ಕಣ್ಣು ಮುಚ್ಚಿ ಗೊತ್ತಿರುವ ದೇವರನ್ನೆಲ್ಲ ಕರೆಯುತ್ತೇನೆ. ಅವರೋ ಹಿಂದಕ್ಕೆ ತಿರುಗಿ, ಮಧ್ಯಾಹ್ನ ಊಟಕ್ಕೆ ಎಂತ ಪದಾರ್ಥ ಎಂದು ವಿಚಾರಿಸುತ್ತಾರೆ! ಇಂಥವರು ಐವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಕಾರಣ? ಅದೆಲ್ಲ ಭಾರೀ ರಿಸ್ಕಂತೆ.

ಹೋದ ಮಳೆಗಾಲದಲ್ಲಿ ಬಂದ್ಯೋಡಿನ ಟೈಲರಕ್ಕನ ಅಂಗಡಿಗೆ ಹಾವು ಹೊಕ್ಕಿತು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಅಂಗಡಿ ನಡೆಸುತ್ತಿದ್ದವರು ಅವರು. ಮಾವ ಹೋಗಿ ಹಾವನ್ನು ಹಿಡಿದು ಗೋಣಿಗೆ ತುಂಬಿದರು. ಅಕ್ಕ ಚಾ ಕೊಟ್ಟು, ಸಕ್ಕರೆ ಸಾಕಾ ಎಂದು ಕೇಳಿದರಂತೆ. ಇಷ್ಟು ಕಠಿಣ ಪ್ರಶ್ನೆ ಕೇಳಿದರೆ ಮಾವ ನಿಲ್ಲುತ್ತಾರೆಯೇ? ಅರ್ಧ ಚಾ ಬಿಟ್ಟು, ಹಾವಿನ ಗೋಣಿಯನ್ನೂ ಅಲ್ಲೇ ಬಿಟ್ಟು ಹೊರಟುಬಿಟ್ಟರು. ಅದನ್ನು ಒಯ್ಯಲು ಅರ್ಧ ದಾರಿಯಿಂದ ವಾಪಸ್ ಬರಬೇಕಾಯಿತು.

ಆಮೇಲೆ ಮಾವ ಅದೇ ಅಂಗಡಿಯಲ್ಲಿ ಅಂಗಿಯ ಮೇಲೆ ಅಂಗಿ ಹೊಲಿಸತೊಡಗಿದರು. ಕಪಾಟಿನ ಬಾಗಿಲು ಹಾಕಲಾಗುತ್ತಿರಲಿಲ್ಲ. ಇಸ್ತ್ರಿ ಮಾಡಿದ ಹೊಸ ಅಂಗಿ ತೊಟ್ಟು ಬಾವಿಗಿಳಿಯುವವರನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ?

ಒಂದು ದಿನ ಮಾವ ಬೆಳ್ಳಗಾದ ಮುಖ ಹೊತ್ತು ನಮ್ಮ ಮನೆಗೆ ಬಂದರು. ಟೈಲರಕ್ಕ ಅಂಗಡಿ ಮುಚ್ಚಿ ಕುಂಜತ್ತೂರಿನ ಅಣ್ಣನ ಮನೆ ಸೇರುತ್ತಾರಂತೆ. ಊಟಕ್ಕೆ ಕೂತವರು ಅನ್ನ ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ.

"ನೀನೇ ಕೇಳು ಮಾರಾಯ್ತಿ," ಎಂದರು ಕೊನೆಗೆ. "ನಾನು ಬೈಕಿನ ಹತ್ತಿರ ನಿಲ್ತೇನೆ."

"ಮದುವೆ ನಿಮಗೋ ನನಗೋ ಮಾವ?"

ಅಂತೂ ಹೊರಟೆವು. ಅಂದು ಮಾವ ಸೈಕಲ್ಲುಗಳಿಗೂ ದಾರಿ ಬಿಟ್ಟುಕೊಟ್ಟರು. ಅವರ ವೇಗಕ್ಕೆ ಎಂದೂ ಹೆದರದಷ್ಟು ನಾನು ಆ ನಿಧಾನಕ್ಕೆ ಹೆದರಿದೆ. ಅಂಗಡಿಯೆದುರು ಇಳಿದಾಗ ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆ. ನಾನು ಹಿಂದಿನಿಂದ ಮೆಲ್ಲಗೆ ಒಳಗೆ ತಳ್ಳಿ, ಜೊತೆಗೇ ಹೊಕ್ಕೆ.

ಇನ್ನೊಂದು ಅಂಗಿ ಬೇಕಿತ್ತು ಎಂದು ಮಾವ ಶುರುಮಾಡಿದರು. ಇನ್ನು ಹೊಸ ಕೆಲಸ ಹಿಡಿಯುವುದಿಲ್ಲ ಎಂದರು ಅಕ್ಕ, ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ. ಇಲ್ಲಿಗೆ ಮುಗಿಯಿತು ಅಂದುಕೊಂಡೆ.

"ಕುಂಜತ್ತೂರಿಗೆ ಹೋಗದಿದ್ರೆ ಆಗುದಿಲ್ವಾ?" ಮಾವನ ಸ್ವರ ನನಗೇ ಗುರುತು ಸಿಗಲಿಲ್ಲ.

ಮಿಷನ್ ನಿಂತಿತು. "ಇಲ್ಲಿ ನಂಗೆ ಯಾರುಂಟು?"

"ನಾನುಂಟು," ಎಂದರು ಮಾವ. ಮತ್ತೆ ಅಂಗಿಯ ಗುಂಡಿ ತಿರುವುತ್ತ, "ಕೇಳ್ಲಿಕ್ಕೆ ಹೆದರಿಕೆ ಆಗ್ತಾ ಇತ್ತು," ಎಂದರು.

ಅಕ್ಕ ಹೊಲಿಯುತ್ತಿದ್ದ ಬಟ್ಟೆಯನ್ನು ಬದಿಗಿಟ್ಟರು. ಕಣ್ಣು ತುಂಬಿತ್ತು.

"ನಂಗೂ ಹೆದರಿಕೆಯೇ. ಇಷ್ಟು ವರ್ಷ ಒಬ್ಬಳೇ ಹೆದರಿ ಸಾಕಾಗಿದೆ."

ಸ್ಟೂಲೊಂದನ್ನು ಅವರತ್ತ ಎಳೆದುಕೊಟ್ಟರು. ಮಾವ ಕೂತರು. ಅಕ್ಕ ಅವರ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು. ಬಾಳೆಹಣ್ಣು ತರುತ್ತೇನೆಂದು ನೆಪ ಹೇಳಿ ನಾನು ಹೊರಗೆ ನಡೆದೆ.