ಚಿಕ್ಕಪ್ಪ ಬೈಬಲ್ಲು ಓದಿದ್ದು

ಮನುಷ್ಯರಲ್ಲಿ ಕೆಟ್ಟವರೂ ಇರುತ್ತಾರೆ ಎಂಬ ಸಮಾಚಾರ ನಮ್ಮ ಚಿಕ್ಕಪ್ಪನಿಗೆ ತಲುಪಿದ್ದು ಅವರ ನಲವತ್ತೆಂಟನೆಯ ವಯಸ್ಸಿನಲ್ಲಿ! ನೀವು ನಗುತ್ತೀರಿ. ನಗಿ. ಆದರೆ ಅಲ್ಲಿಯವರೆಗೂ ಅವರ ಪ್ರಕಾರ ಈ ಭೂಮಿಯ ಮೇಲೆ ಇದ್ದವರು ಎರಡೇ ತರಹದ ಜನ: ಒಳ್ಳೆಯವರು, ಮತ್ತು ಇನ್ನೂ ಒಳ್ಳೆಯವರು.

ಗುಬ್ಬಿಯ ಅಂಚೆ ಕಚೇರಿಯಲ್ಲಿ ಅವರು ಗುಮಾಸ್ತರು. ಊರಿನವರ ಬಾಯಲ್ಲಿ ಮಾತ್ರ ಪೋಸ್ಟ್‌ಮಾಸ್ಟರು. ಒಂದು ಸಂತೆಯ ದಿನ ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ಅವರ ಸೈಕಲ್ಲನ್ನು ಯಾರೋ ಹೊಡೆದುಕೊಂಡು ಹೋದರು. ಚಿಕ್ಕಮ್ಮ ಬಾಯಿ ಬಡಿದುಕೊಂಡರೆ ಚಿಕ್ಕಪ್ಪ, "ಪಾಪ, ಯಾರ್ಗೋ ಅರ್ಜೆಂಟಿತ್ತು ಅಂತ ಕಾಣ್ತದೆ. ಕೆಲ್ಸ ಮುಗುದ್ಮೇಲೆ ತಂದಿಡ್ತಾನೆ ಬುಡೇ" ಅಂದರು. ಹನ್ನೊಂದು ದಿನ ಅದೇ ಮರದ ಕೆಳಗೆ ಹೋಗಿ ನಿಂತು ಬಂದರು. ಹನ್ನೆರಡನೆಯ ದಿನ ಅವರಿಗೊಂದು ಯೋಚನೆ ಹೊಳೆಯಿತು. ಆ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಗಾಳಿ ನಿಲ್ಲುತ್ತಿರಲಿಲ್ಲವಲ್ಲ, ಆ ಮನುಷ್ಯ ಎಷ್ಟು ಕಷ್ಟಪಡುತ್ತಿದ್ದಾನೋ! ಮನೆಯಿಂದ ಪಂಪನ್ನು ತೆಗೆದುಕೊಂಡು ಹೋಗಿ ಮರದ ಕೊಂಬೆಗೆ ನೇತುಹಾಕಿ ಬಂದರು. ಮಾರನೆಯ ದಿನ ಪಂಪೂ ಇಲ್ಲ. ಚಿಕ್ಕಪ್ಪನ ಮುಖ ಅರಳಿತು. "ನೋಡ್ದಾ? ನಂಬ್ಕೆ ಬಂದು ತಗೊಂಡೋಗವ್ನೆ!"

ಇಂಥವರ ಕೈಗೆ ಬೈಬಲ್ಲು ಸಿಕ್ಕಿತು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು ದಿನಾ ರೈಲಿನಲ್ಲಿ ತುಮಕೂರಿಗೆ ಹೋಗಿ ಬಿಎ ಓದುತ್ತಿದ್ದೆ. ಪಕ್ಕದ ಮನೆಯ ನರ್ಸಮ್ಮನಿಗೆ ವರ್ಗವಾಯಿತು. ಕಡಲೆಕಾಯಿ ಕಟ್ಟಿದ ಪೊಟ್ಟಣವನ್ನೂ ಬಿಚ್ಚಿ, ನೀವಿ, ಓದುವ ಚಿಕ್ಕಪ್ಪನ ಚಟ ಆಕೆಗೆ ಗೊತ್ತಿತ್ತು. ಹೊರಡುವಾಗ ಕಪ್ಪು ರಟ್ಟಿನ, ಇಟ್ಟಿಗೆಯಷ್ಟು ದಪ್ಪದ ಕನ್ನಡ ಬೈಬಲ್ಲನ್ನು ಕೈಗಿತ್ತು, "ಮನಸ್ಸಿಗೆ ನೆಮ್ಮದಿ ಸಿಗ್ತದೆ ಸಾರ್" ಎಂದು ಹೇಳಿ ಹೋದರು. ಚಿಕ್ಕಮ್ಮ, ಯಾವ ದೇವರಾದರೇನು ಎಂದು ರಟ್ಟಿಗೆ ಕುಂಕುಮ ಇಟ್ಟರು.

ನರ್ಸಮ್ಮ ಒಂದು ಮಾತು ಹೇಳುವುದನ್ನು ಮರೆತಿದ್ದರು. ಎಲ್ಲಿಂದ ಓದಬೇಕು ಎಂದು! ಚಿಕ್ಕಪ್ಪನೋ ಮೊದಲ ಪುಟದಿಂದ ಹಿಡಿದು ಒಂದಕ್ಷರವನ್ನೂ ಹಾರಿಸದೆ ಓದುವವರು. ಎರಡನೆಯ ದಿನವೇ ತಿಂಡಿ ಬಿಟ್ಟರು.

"ಪ್ರಪಂಚದಲ್ಲಿ ಇದ್ದಿದ್ದೇ ನಾಕು ಜನ ಕಣೇ" ಎಂದರು ಚಿಕ್ಕಮ್ಮನಿಗೆ. "ಅಪ್ಪ, ಅಮ್ಮ, ಇಬ್ರು ಗಂಡುಮಕ್ಳು. ಅಷ್ಟ್ರಲ್ಲೇ ಅಣ್ಣ ಅನ್ನೋನು ತಮ್ಮನ್ನ ಹೊಲಕ್ಕೆ ಕರ್ಕೊಂಡೋಗಿ ಹೊಡ್ದಾಕ್ಬುಟ್ಟ!"

"ಅಯ್ಯೋ! ಯಾವೂರಲ್ರೀ?"

"ಊರೇ ಹುಟ್ಟಿರ್ಲಿಲ್ಲ ಇನ್ನೂವೆ!"

"ಜಮೀನಿನ ತಕರಾರಾ?"

"ಇಡೀ ಭೂಮಿ ಅವ್ರದ್ದೇ ಅಲ್ವೇನೇ!"

ಚಿಕ್ಕಮ್ಮ ತುಸು ಯೋಚಿಸಿ, "ಹಂಗಾದ್ರೆ ಬಚ್ಚಲ ನೀರಿಂದಿರ್ಬೇಕು" ಎಂದು ತೀರ್ಪು ಕೊಟ್ಟು ಒಳಗೆ ಹೋದರು.

ಮುಂದಿನ ವಾರ ಪುಸ್ತಕದಲ್ಲಿ ಇಡೀ ಒಂದು ಊರೇ ಕೆಟ್ಟುಹೋಯಿತು. ಪುಂಡರು ಬಂದು ಒಬ್ಬನ ಬಾಗಿಲು ಬಡಿದು ಮನೆಗೆ ಬಂದ ನೆಂಟರನ್ನು ಕೊಡು ಎಂದರೆ, ಯಜಮಾನ, ನೆಂಟರು ಬೇಡ, ನನ್ನ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ಅಂದನಂತೆ! "ಊರಿಗೆಲ್ಲಾ ಇವ್ನೊಬ್ನೇ ಒಳ್ಳೆಯವ್ನಂತೆ ಕಣಮ್ಮಾ!" ಎಂದು ಚಿಕ್ಕಪ್ಪ ನನ್ನ ಮುಂದೆ ತಲೆಯ ಮೇಲೆ ಕೈಯಿಟ್ಟು ಕುಳಿತರು. ಅದರ ಮುಂದಿನ ಪುಟವನ್ನು ಓದಿದವರೇ ಕಚೇರಿಯ ಗುಂಡುಪಿನ್ನು ತಂದು ಚುಚ್ಚಿಟ್ಟರು. "ಇದನ್ನ ನೀನು ಬಿಎ ಪಾಸಾದ್ಮೇಲೆ ಓದು" ಎಂದರು. ನಾನು ಅವತ್ತೇ ಮಧ್ಯಾಹ್ನ ಪಿನ್ನು ಬಿಚ್ಚಿ ಓದಿದೆ. ಬಿಎ ಅಲ್ಲ, ಎಂಎ ಮಾಡಿದ್ದರೂ ಅದನ್ನು ಓದಿ ತಡೆದುಕೊಳ್ಳುವುದು ಕಷ್ಟವೇ ಇತ್ತು!

ಸರಿ, ಜನರನ್ನು ಇನ್ನು ನಂಬಬಾರದು ಎಂದು ಚಿಕ್ಕಪ್ಪ ತೀರ್ಮಾನಿಸಿದರು. ಆದರೆ ಅನುಮಾನ ಪಡುವುದಕ್ಕೂ ಅಭ್ಯಾಸ ಬೇಡವೇ? ಒಂದು ಭಾನುವಾರ ನಾವೆಲ್ಲ ಹೊರಗೆ ಹೊರಟಾಗ ಜೀವನದಲ್ಲಿ ಮೊದಲ ಬಾರಿ ಮನೆಗೆ ಬೀಗ ಹಾಕಿದರು. ಮೂರು ಸಲ ಜಗ್ಗಿ ನೋಡಿದರು. ಆಮೇಲೆ ಬೀಗದ ಕೈಯನ್ನು ಬೀದಿಯಲ್ಲಿ ಹೋಗುತ್ತಿದ್ದ ಗುರುತಿಲ್ಲದ ಮನುಷ್ಯನ ಕೈಯಲ್ಲಿಟ್ಟು, "ಜೋಪಾನ ಕಣಪ್ಪಾ, ಕಾಲ ಕೆಟ್ಟದೆ!" ಎಂದರು.

ರಾಜನ ಕಾಗದದ ಕತೆ ಬಂದಾಗ ಮಾತ್ರ ವಿಷಯ ಕಚೇರಿಯವರೆಗೂ ಹೋಯಿತು. ಒಬ್ಬ ರಾಜ ತನ್ನ ಸಿಪಾಯಿಯ ಹೆಂಡತಿಯ ಮೇಲೆ ಕಣ್ಣು ಹಾಕಿ, ಆ ಸಿಪಾಯಿಯನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಸಾಯಿಸಿ ಎಂದು ಸೇನಾಪತಿಗೆ ಕಾಗದ ಬರೆದು, ಅದನ್ನು ಆ ಸಿಪಾಯಿಯ ಕೈಯಲ್ಲೇ ಕೊಟ್ಟು ಕಳಿಸುತ್ತಾನೆ. ಹೆಂಡತಿಯನ್ನು ಕದ್ದದ್ದಕ್ಕಿಂತ, ಕೊಲ್ಲಿಸಿದ್ದಕ್ಕಿಂತ ಚಿಕ್ಕಪ್ಪನಿಗೆ ತಡೆಯಲಾಗದೆ ಹೋದದ್ದು ಟಪಾಲಿನ ಈ ದುರುಪಯೋಗ! "ಒಡೀದೆ ತಗೊಂಡೋಗಿ ಕೊಟ್ಟವ್ನೆ ಕಣಯ್ಯಾ! ಎಂಥಾ ನಿಯತ್ತಿನ ಮನುಷ್ಯ!" ಎಂದು ಕಚೇರಿಯವರ ಮುಂದೆ ಕಣ್ಣೀರು ಹಾಕಿದರು. ಅದೇ ವಾರ ತುಮಕೂರಿನಿಂದ ಅಂಚೆ ಇಲಾಖೆಯ ಓವರ್‌ಸಿಯರು ಒಂದು ಮುಚ್ಚಿದ ಲಕೋಟೆ ತಂದು ಮೇಜಿನ ಮೇಲಿಟ್ಟರು. ಚಿಕ್ಕಪ್ಪ ಗಾಬರಿಯಿಂದ, "ಇದ್ರಲ್ಲಿ ಏನದೆ ಅಂತ ನಿಮ್ಗೆ ಗೊತ್ತಾ ಸಾರ್? ತಂದವ್ರ ತಲೆ ಮೇಲೇ ಬರೋ ಹಂಗಿದ್ರೆ?" ಎಂದರು. ಓವರ್‌ಸಿಯರು ನಕ್ಕರು. ಲಕೋಟೆ ಒಡೆದರೆ ಅದು ಓವರ್‌ಸಿಯರದ್ದೇ ವರ್ಗಾವಣೆಯ ಆರ್ಡರು! ಆಮೇಲೆ ಎಷ್ಟೋ ದಿನ ಗುಬ್ಬಿಯ ಪೋಸ್ಟ್‌ಮನ್‌ಗಳು ಬೆಳಗ್ಗೆ ಚೀಲ ಹೊರುವ ಮುಂಚೆ, "ಬೈಬಲ್‌ನಲ್ಲಿ ಇವತ್ತೇನು ಸಾರ್?" ಎಂದು ಕೇಳಿಕೊಂಡೇ ಹೊರಡುತ್ತಿದ್ದರು.

ಅದಾದ ಎರಡು ಪುಟಕ್ಕೆ ಚಿಕ್ಕಪ್ಪ ಸಿಕ್ಕಿಹಾಕಿಕೊಂಡರು. ಅದೇ ರಾಜನ ಮಗಳ ಕತೆ. ಮಲತಾಯಿಯ ಮಗ, ಅಣ್ಣನಾಗಬೇಕಾದವನು, ಕಾಯಿಲೆಯ ನಾಟಕವಾಡಿ ಮಲಗಿ, ರೊಟ್ಟಿ ಸುಟ್ಟುಕೊಡಲು ಬಾ ಎಂದು ಅವಳನ್ನು ಕರೆಸಿ, ಕೆಡಿಸಿ, ಆಚೆ ನೂಕಿ ಬಾಗಿಲು ಹಾಕಿಸಿದ. ಒಡಹುಟ್ಟಿದವನು, ಸುಮ್ಮನಿರು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದ. ತಂದೆ ಬಹಳ ಸಿಟ್ಟಾದ. ಅಷ್ಟೇ! ಚಿಕ್ಕಪ್ಪ ಪುಟವನ್ನು ಹಿಂದೆ ಮುಂದೆ ತಿರುವಿದರು. ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ನನ್ನನ್ನೂ ಕರೆದುಕೊಂಡು ರೈಲು ಹತ್ತಿ ತುಮಕೂರಿನ ಪಾದ್ರಿಯೊಬ್ಬರ ಮನೆಗೆ ಹೋದರು.

ಪಾದ್ರಿಗಳು ವಯಸ್ಸಾದವರು. ಕುಂಕುಮ ಹಚ್ಚಿದ ಬೈಬಲ್ಲನ್ನು ನೋಡಿ ಸಂತೋಷಪಟ್ಟು ಕಾಫಿ ತರಿಸಿದರು.

"ಸ್ವಾಮಿ, ಇದ್ರಲ್ಲಿ ಒಂದು ಪುಟ ಬಿಟ್ಟೋಗಿದೆ" ಎಂದರು ಚಿಕ್ಕಪ್ಪ. "ರಾಜ ಸಿಟ್ಟಾದ ಅಂತಿದೆ. ಆಮೇಲೆ ಏನ್ಮಾಡ್ದ?"

"ಏನೂ ಮಾಡ್ಲಿಲ್ಲ ಸಾರ್. ಪುಟ ಎಲ್ಲಾ ಸರಿಯಾಗೇ ಇದೆ."

"ಇಂಥಾದ್ದನ್ನೆಲ್ಲಾ ದೇವ್ರ ಪುಸ್ತಕದಲ್ಲಿ ಯಾಕ್ ಬರೆದ್ರಿ? ಜನ ಹಿಂಗೆ ಮಾಡ್ಲಿ ಅಂತಲಾ?"

ಪಾದ್ರಿಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಹಿಂಗೆ ಮಾಡಿ ಅಂತ ಬರ್ದಿಲ್ಲ. ನಾವು ಹಿಂಗೆ ಮಾಡ್ತೀವಿ ಅಂತ ಬರ್ದಿರೋದು."

"ನಾವಾ?"

"ನಾವೇ. ಮುಂದಕ್ಕೆ ಓದಿ, ಒಳ್ಳೇದೂ ಇದೆ."

"ಎಷ್ಟ್ನೇ ಪುಟದಲ್ಲಿ?"

ಪಾದ್ರಿಗಳು ಪುಸ್ತಕದ ಕೊನೆಯ ಕಾಲು ಭಾಗವನ್ನು ಬೆರಳಿನಿಂದ ತೋರಿಸಿದರು. ಚಿಕ್ಕಪ್ಪ ನಡುವಿನ ದಪ್ಪ ನೋಡಿ ನಿಟ್ಟುಸಿರು ಬಿಟ್ಟರು. ಹಾರಿಸಿ ಓದುವ ಅಭ್ಯಾಸ ಅವರಿಗಿರಲಿಲ್ಲ.

ಇದಾಗಿ ಒಂದು ತಿಂಗಳಿಗೆ ನನ್ನ ಅಕ್ಕ ಕುಣಿಗಲ್ಲಿನ ಗಂಡನ ಮನೆಯಿಂದ ಒಬ್ಬಳೇ ಬಸ್ಸು ಹತ್ತಿ ಗುಬ್ಬಿ ಹತ್ತಿರದ ಕಡಬಕ್ಕೆ, ನಮ್ಮ ಅಪ್ಪ ಅಮ್ಮನ ಮನೆಗೆ ಬಂದಳು. ಎಡಗೈಗೆ ಬಟ್ಟೆ ಸುತ್ತಿತ್ತು. ರೊಟ್ಟಿ ಸೀದಿದೆ ಎಂದು ಗಂಡ ಅವಳ ಕೈಯನ್ನು ಕಾದ ಹೆಂಚಿಗೆ ಒತ್ತಿದ್ದ. ಸುದ್ದಿ ಕೇಳಿ ನಾನೂ ಚಿಕ್ಕಪ್ಪನೂ ಓಡಿದೆವು.

ಅಪ್ಪನ ಸಿಟ್ಟನ್ನು ನೀವು ನೋಡಬೇಕಿತ್ತು! ಟವೆಲ್ಲು ಬೀಸಿ ಎಸೆದರು. "ಅವನ ಕಾಲು ಮುರ್ದಾಕ್ತೀನಿ! ಕುಣಿಗಲ್ ಕೆರೇಲಿ ಮುಳುಗುಸ್ತೀನಿ!" ಎಂದು ಕೂಗಿದ್ದು ಕಡಬದ ಕೆರೆಯಾಚೆಗೂ ಕೇಳಿಸಿರಬೇಕು. ಆಮೇಲೆ ಅಮ್ಮ ಮುದ್ದೆ ಬಡಿಸಿದರು. ಅಪ್ಪ ಉಂಡರು. ಎಲೆಅಡಿಕೆ ಹಾಕಿಕೊಂಡರು. "ಸೋಮವಾರ ದಿನ ಚೆನ್ನಾಗದೆ, ಕಳಿಸ್ಕೊಡಾಣ. ನೀನೂ ಯಾರ್ತಾವೂ ಬಾಯ್ಬುಡ್ಬೇಡ ಕಣವ್ವ. ಗಂಡ ತಾನೇ" ಎಂದರು.

ಅಣ್ಣನೆದುರು ಕುರ್ಚಿಯ ಮೇಲೂ ಕೂರದ ಚಿಕ್ಕಪ್ಪ ಎದ್ದು ನಿಂತರು.

"ಅಣ್ಣಾ, ನಿಂಗೆ ಸಿಟ್ಟು ಬಂತು."

"ಬರ್ದೇ ಇರ್ತದೇನ್ಲಾ? ಹೆತ್ತವ್ನು ಕಣ್ಲಾ ನಾನು!"

"ಆಮೇಲೆ?"

"ಏನ್ಲಾ ಆಮೇಲೆ?"

"ಅದೇ ಕೇಳ್ತಿದೀನಿ ಅಣ್ಣಾ. ಸಿಟ್ಟು ಬಂತು. ಆಮೇಲೇನು?"

ಅಪ್ಪ ಎಲೆಅಡಿಕೆ ತಟ್ಟೆಯಲ್ಲಿ ಉತ್ತರ ಹುಡುಕತೊಡಗಿದರು. ಚಿಕ್ಕಪ್ಪ ಅಕ್ಕನ ಚೀಲವನ್ನು ಹೆಗಲಿಗೆ ಹಾಕಿಕೊಂಡು, "ನಡಿಯವ್ವ, ಬಸ್ಸು ಹೊಂಟೋಯ್ತದೆ" ಎಂದರು. ಬಸ್ಸು ಇದ್ದದ್ದು ಇನ್ನು ಎರಡು ಗಂಟೆಗೆ! ಅಷ್ಟು ಹೊತ್ತೂ ಕೆರೆ ಏರಿಯ ಮೇಲೆ ಬಿಸಿಲಿನಲ್ಲಿ ನಿಂತಿದ್ದೆವು. "ಮನೇಲಿ ಕೂತಿದ್ರೆ ನಂಗೆ ಧೈರ್ಯ ಹೋಗ್ಬುಡ್ತಿತ್ತು ಕಣಮ್ಮ" ಎಂದು ನನಗೆ ಆಮೇಲೆ ಹೇಳಿದರು.

ಹದಿನೈದು ದಿನಕ್ಕೆ ಭಾವ ಗುಬ್ಬಿಗೆ ಬಂದರು, ಅಕ್ಕನನ್ನು ಕರೆದೊಯ್ಯಲು. ಜೊತೆಗೆ ಹುತ್ರಿದುರ್ಗದ ಅವರ ಸೋದರಮಾವ ಕೋರೆಮೀಸೆಯ ಯಜಮಾನರು, ಬೆನ್ನಿಗೆ ಇನ್ನಿಬ್ಬರು. ಚಿಕ್ಕಮ್ಮ ಅಭ್ಯಾಸಬಲದಿಂದ ಕಾಫಿ ಕೊಟ್ಟರು. ಚಿಕ್ಕಪ್ಪನಿಗೆ ಬೈದು ಗೊತ್ತಿಲ್ಲ, ಹೊಡೆದಾಡಿ ಗೊತ್ತಿಲ್ಲ. "ಒಂದ್ನಿಮಿಷ" ಎಂದು ಒಳಗೆ ಹೋದರು. ದೊಣ್ಣೆ ತರುತ್ತಾರೆ ಎಂದು ಭಾವ ಎದ್ದು ನಿಂತರು. ಚಿಕ್ಕಪ್ಪ ಬೈಬಲ್ಲು ತಂದು, ಕುಳಿತು, ರಾಜನ ಮಗಳ ಕತೆಯನ್ನು ಓದತೊಡಗಿದರು!

ಓದುಬಾರದವರಿಗೆ ಬಂದ ಕಾಗದಗಳನ್ನು ಓದಿ ಓದಿ ಪಳಗಿದ ದನಿ ಅದು. ಬಂದವರು ಲೋಟವನ್ನು ಕೆಳಗಿಡುವುದನ್ನೂ ಮರೆತರು. ಓದು ಮುಗಿಯಿತು.

"ಅವ್ರಪ್ಪ?" ಎಂದರು ಯಜಮಾನರು.

"ಸಿಟ್ಟಾದ."

"ಸಿಟ್ಟಾಗಿ?"

ಚಿಕ್ಕಪ್ಪ ಪುಸ್ತಕ ಮುಚ್ಚಿದರು.

ಯಜಮಾನರು ಮೀಸೆ ಸವರಿದರು. ಆಮೇಲೆ ಬಾಗಿಲ ಸಂದಿನಲ್ಲಿ ನಿಂತಿದ್ದ ಅಕ್ಕನನ್ನು ಕರೆದು, "ಎಲ್ಲಿ, ಕೈ ತೋರ್ಸವ್ವ" ಎಂದರು. ನೋಡಿದರು. ಎದ್ದು ಸೋದರಳಿಯನ ಕಡೆ ತಿರುಗಿ, "ನಡಿಯಲೇ ಆಚೆ" ಎಂದರು. ಹೊಸಿಲು ದಾಟುವಾಗ ಚಿಕ್ಕಪ್ಪನ ಕಿವಿಯಲ್ಲಿ ಹೇಳಿದ್ದು ನಮಗೆಲ್ಲ ಕೇಳಿಸಿತು: "ಆ ರಾಜನ ಮನೆತನ ಸರಿಗಿಲ್ಲ ಪೋಸ್ಟ್‌ಮಾಸ್ಟ್ರೇ. ಅವ್ರ ಕಡೆ ಹೆಣ್ಣು ಗಿಣ್ಣು ಕೊಟ್ಬುಟ್ಟೀರಿ!"

ಮತ್ತೆ ಯಾರೂ ಬರಲಿಲ್ಲ. ಅಕ್ಕ ತುಮಕೂರಿನಲ್ಲಿ ಟ್ರೈನಿಂಗ್ ಮುಗಿಸಿ ಊರ್ಡಿಗೆರೆಯ ಶಾಲೆಯಲ್ಲಿ ಮೇಡಮ್ ಆದಳು. ಒಂದು ವರ್ಷ ಮಾತು ಬಿಟ್ಟಿದ್ದ ಅಪ್ಪ ಆಮೇಲೆ ಒಂದು ದಿನ ಗಾಡಿ ತುಂಬ ತೆಂಗಿನಕಾಯಿ ತಂದು ಚಿಕ್ಕಪ್ಪನ ಬಾಗಿಲಿಗೆ ಸುರಿದು, ಏನೂ ಹೇಳದೆ ಹೋದರು. ಅದೆಲ್ಲ ಇರಲಿ. ಯಜಮಾನರು ಹೊರಟುಹೋದ ಆ ಸಂಜೆಯದೊಂದು ಮಾತಿದೆ.

ಚಿಕ್ಕಪ್ಪ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದರು. ಯುದ್ಧ ಗೆದ್ದವರ ಹಾಗೆ ಕಾಣುತ್ತಿರಲಿಲ್ಲ. ಅಕ್ಕ ಕಾಫಿ ತೆಗೆದುಕೊಂಡು ಹೋದಳು, ಅವಳ ಹಿಂದೆ ನಾನು.

"ಮದ್ವೆಯಾದ ಮೂರ್ನೇ ತಿಂಗ್ಳು ನಂಗೊಂದು ಕಾಗ್ದ ಹಾಕಿದ್ದೆ ನೀನು" ಎಂದರು ಚಿಕ್ಕಪ್ಪ, ತಲೆಯೆತ್ತದೆ. "ಹೊಡೀತಾರೆ, ಬಂದು ಕರ್ಕೊಂಡೋಗಿ ಅಂತ."

"ಹೂಂ."

"ಹುಡುಗ ಒಳ್ಳೆಯವ್ನು, ಏನೋ ದಣಿದಿರ್ತಾನೆ, ಹೊಂದ್ಕೊಂಡೋಗು ಅಂತ ಬರ್ದೆ ನಾನು. ನಮ್ಮಣ್ಣಂಗೆ ಸಿಟ್ಟಾದ್ರೂ ಬಂತು ಕಣವ್ವ. ನಂಗೆ ಅದೂ ಬರ್ಲಿಲ್ಲ."

ಅಕ್ಕ ಕಾಫಿಯ ಲೋಟವನ್ನು ಕಲ್ಲಿನ ತುದಿಗಿಟ್ಟಳು.

"ಆ ಕಾಗ್ದ ನಂಗೆ ಬರ್ಲೇ ಇಲ್ವಲ್ಲ ಚಿಕ್ಕಪ್ಪ" ಎಂದಳು.

ಚಿಕ್ಕಪ್ಪ ತಲೆಯೆತ್ತಿದರು. "ಬರ್ಲಿಲ್ವಾ? ನಾನೇ ಸೀಲು ಒತ್ತಿ ಚೀಲಕ್ಕೆ ಹಾಕಿದ್ದೆ..."

"ಎಲ್ಲೋ ಕಳ್ದೋಗಿರ್ಬೇಕು."

ಕಾಗದ ಕಳೆದುಹೋಯಿತು ಎಂದು ಯಾರಾದರೂ ಬಾಯಿ ತಪ್ಪಿ ಅಂದರೂ ಜಗಳಕ್ಕೆ ನಿಲ್ಲುತ್ತಿದ್ದ ಮನುಷ್ಯ ಅವರು. ಆ ನೀಲಿ ಇನ್‌ಲ್ಯಾಂಡ್ ಕಾಗದ, ಗುಬ್ಬಿಯ ಗುಂಡನೆಯ ಸೀಲಿನೊಂದಿಗೆ, ಅಕ್ಕನ ಚೀಲದ ತಳದಲ್ಲಿ ಮಡಿಸಿಕೊಂಡು ಇತ್ತು. ಹಿಂದಿನ ದಿನವೇ ನಾನು ನೋಡಿದ್ದೆ. ನಾನು ಅಕ್ಕನ ಮುಖ ನೋಡಿದೆ. ಅವಳು ನನ್ನ ಕಡೆ ತಿರುಗಲಿಲ್ಲ.

ಚಿಕ್ಕಪ್ಪ ಪಂಚೆಯ ಅಂಚಿನಿಂದ ಕಣ್ಣೊರೆಸಿಕೊಂಡರು. "ಒಂದೊಂದ್ಸಲ ಹಂಗಾಗ್ತದೆ ಕಣವ್ವ" ಎಂದರು.

ಅಕ್ಕ ಸುಟ್ಟ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದೇ ಕಲ್ಲಿನ ಮೇಲೆ ಅವರ ಪಕ್ಕ ಕುಳಿತಳು. ಇನ್ನೊಂದು ಕೈಯಿಂದ ಕಾಫಿಯನ್ನು, ಆರಿದೆಯೇ ಎಂದು ತಾನೇ ಒಂದು ಗುಟುಕು ನೋಡಿ, ಅವರಿಗೆ ಕೊಟ್ಟಳು.