ಇರಾನಿನ ಬಣಗಳೂ ಎಗ್ಮೋರಿನ ಈರುಳ್ಳಿಯೂ

‘ಗೊತ್ತಿಲ್ಲ’ ಎನ್ನುವುದು ಕನ್ನಡದಲ್ಲಿ ಬಹಳ ಸುಲಭದ ಮಾತು. ಆದರೆ ದಿನಾ ಬೆಳಿಗ್ಗೆ ಒಂದು ಗಂಟೆ ಪೇಪರು ಹಿಡಿದು ಕೂತು, ಅದರ ನೆಪದಲ್ಲಿ ಯಾವ ಮನೆಗೆಲಸಕ್ಕೂ ಏಳದ ನನ್ನಂಥವನ ಬಾಯಿಂದ ಅದು ಹೊರಡುವುದೇ ಇಲ್ಲ. ಹಾಗಾಗಿ ಎಂ.ಎ. ಓದುತ್ತಿರುವ ಮಗಳು ಮೇಘನಾ, “ಅಪ್ಪಾ, ಮಂಡೇ ವೈವಾ. ಇರಾನ್ ಪಾಲಿಟಿಕ್ಸ್‌ನ ಫ್ಯಾಕ್ಷನ್ಸ್. ಉಂಗಳುಕ್ಕು ತೆರಿಯುಮಾ?” ನಿಮಗೆ ಗೊತ್ತಾ, ಎಂದು ಅರ್ಧ ತಮಿಳಿನಲ್ಲಿ ಕೇಳಿದಾಗ, “ತೆರಿಯದೇ ಏನು? ಭಾನುವಾರ ಕೂತ್ಕೋ, ಒಂದೇ ಗಂಟೇಲಿ ಮುಗಿಸಿಬಿಡೋಣ” ಎಂದುಬಿಟ್ಟೆ.

ಇರಾನಿನ ಬಗ್ಗೆ ಆಗ ನನಗಿದ್ದ ಜ್ಞಾನ ಪಿಸ್ತಾ, ಕೇಸರಿಗಳ ಆಚೆ ಹೋಗಿರಲಿಲ್ಲ. ಚೆನ್ನೈಯ ಪ್ಯಾರೀಸ್ ಕಾರ್ನರಿನಲ್ಲಿರುವ ನನ್ನ ವಿಮಾ ಕಚೇರಿಗೆ ಹೋಗಿಬರುವ ರೈಲಿನಲ್ಲಿ ನಾಲ್ಕು ದಿನ ಮೊಬೈಲಿಗೆ ಕಣ್ಣು ಕೀಲಿಸಿ ಓದಿದೆ. ಒಂದು ದಿನ ಇಳಿಯುವ ಸ್ಟೇಷನ್ನೇ ತಪ್ಪಿತು. ಸುಧಾರಣಾವಾದಿಗಳು ಒಂದು ಕಡೆ, ತತ್ವನಿಷ್ಠರೆಂದು ತಮ್ಮನ್ನು ಕರೆದುಕೊಳ್ಳುವ ಸಂಪ್ರದಾಯವಾದಿಗಳು ಇನ್ನೊಂದು ಕಡೆ, ನಡುವೆ ಹೇಗಾದರೂ ಕೆಲಸ ನಡೆಯಲಿ ಎನ್ನುವ ಮಧ್ಯಮರು. ಇಷ್ಟೇ ಆಗಿದ್ದರೆ ಬದುಕಿಕೊಳ್ಳುತ್ತಿದ್ದೆ. ಆದರೆ ಕ್ರಾಂತಿಯ ಹೊಸದರಲ್ಲಿ ಉಗ್ರವಾಗಿದ್ದವರಲ್ಲೇ ಹಲವರು ಮುಂದೆ ಸುಧಾರಣಾವಾದಿಗಳಾದರಂತೆ. ಅವರು ಮೂಲೆ ಸೇರಿದ ಮೇಲೆ ಸಂಪ್ರದಾಯವಾದಿಗಳು ತಮ್ಮತಮ್ಮಲ್ಲೇ ಒಡೆದರಂತೆ. ಎಲ್ಲರ ಮೇಲೆ ಪರಮೋಚ್ಚ ನಾಯಕ. ಚುನಾವಣೆಗೆ ನಿಲ್ಲುವವರನ್ನು ಜರಡಿ ಹಿಡಿಯಲು ಒಂದು ಮಂಡಳಿ.

ಭಾನುವಾರ ನನ್ನ ಉಪನ್ಯಾಸ ಹತ್ತು ನಿಮಿಷ ನಡೆಯುವುದರೊಳಗೆ ಉಗ್ರರೂ ಮಧ್ಯಮರೂ ಸೀಟು ಅದಲುಬದಲು ಮಾಡಿಕೊಂಡಿದ್ದರು. ಮಗಳು ತಲೆ ಹಿಡಿದುಕೊಂಡು, “ಕೊಳಪ್ಪಾದೀಂಗಪ್ಪಾ, ಇನ್ನೂ ಗೊಂದಲ ಮಾಡ್ಬೇಡಿ, ಇದ್ದ ಕನ್‌ಫ್ಯೂಷನ್ನೇ ಸಾಕು” ಎಂದಳು. ಪಕ್ಕದಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮತ್ತೆ, ಎಂದರೆ ಹೆಂಡತಿಯ ತಾಯಿ, ಆಗ ಬಾಯಿ ಬಿಟ್ಟರು. ಅವರು ಸೊಸೆಯಾಗಿ ಸೇರಿದ್ದು ಕುಂದಾಪುರದ ಕಡೆಯಿಂದ ಬಂದು ಎಗ್ಮೋರಿನಲ್ಲಿ ಸಸ್ಯಾಹಾರಿ ಹೋಟೆಲು ನಡೆಸಿದ ನಾಲ್ವರು ಅಣ್ಣತಮ್ಮಂದಿರ ಮನೆ.

“ಅದರಲ್ಲಿ ಗೊತ್ತಾಗದ್ದು ಎಂತ ಉಂಟು? ನಮ್ಮ ಹೋಟೆಲಿನ ಕತೆಯೇ ಅಲ್ವಾ! ನಿನ್ನ ಸಣ್ಣಜ್ಜ ಇಪ್ಪತ್ತು ವರ್ಷದವ ಇದ್ದಾಗ ಸಾಂಬಾರಿಗೆ ಈರುಳ್ಳಿ ಬಿದ್ರೆ ಪಾತ್ರೆಯನ್ನೇ ಚೆಲ್ತಿದ್ದ. ಐವತ್ತಾದ ಮೇಲೆ ಕಾಲಕ್ಕೆ ತಕ್ಕ ಹಾಗೆ ಇರ್ಬೇಕು ಅಂತ ನೂಡಲ್ಸ್ ಬೋರ್ಡು ಹಾಕ್ಲಿಕ್ಕೆ ಹೊರಟದ್ದೂ ಅವನೇ. ದೊಡ್ಡ ಭಾವ, ನಿನ್ನಜ್ಜ ಸೇರಿ ಅವನನ್ನು ಅಡಿಗೆಮನೆಯಿಂದ ಹೊರಗೆ ಹಾಕಿದ್ರು. ಆಮೇಲಾದ್ರೂ ಸುಮ್ನೆ ಕೂತ್ರಾ? ಬೆಳ್ಳುಳ್ಳಿ ಮಾತ್ರ ಬೇಡ ಅನ್ನುವವರು ಒಂದು ಪಕ್ಷ, ಬೀಟ್‌ರೂಟೂ ಬೇಡ ಅನ್ನುವವರು ಇನ್ನೊಂದು!”

ಮೇಘನಾ ನೆಟ್ಟಗೆ ಕೂತಳು. “ಮಧ್ಯದವರು ಯಾರಜ್ಜಿ?”

“ಮೂರನೆಯವ, ರಘು. ಎರಡೂ ಕಡೆ ತಲೆ ಆಡಿಸಿ, ಗಿರಾಕಿ ಕೇಳಿದ್ದನ್ನು ಹಿಂಬಾಗಿಲಿಂದ ತರಿಸಿ ಕೊಡ್ತಿದ್ದ.”

“ಸುಪ್ರೀಂ ಲೀಡರ್?”

“ನನ್ನ ಅತ್ತೆ. ಹೋಟೆಲಿಗೆ ಬರ್ತಲೇ ಇರ್ಲಿಲ್ಲ. ಆದ್ರೆ ಅವರು ಒಪ್ಪದ ಅಡಿಗೆಭಟ್ಟ ಒಳಗೆ ಕಾಲಿಡುವ ಹಾಗಿರ್ಲಿಲ್ಲ.”

ನನಗೆ ಸುಮ್ಮನಿರಲಾಗಲಿಲ್ಲ. “ಅತ್ತೆ, ಅದು ದೇಶ. ಅಲ್ಲಿ ಪಾಪ, ಜನ ಜೈಲಿಗೆ ಹೋಗ್ತಾರೆ.”

ಅತ್ತೆಯ ಕೈ ನಿಂತಿತು. “ಅದು ದೊಡ್ಡ ಸಂಕಟವೇ, ಅಳಿಯಂದಿರೇ. ನಮ್ಮಲ್ಲಿ ಊರಿಗೆ ಕಳಿಸ್ತಿದ್ರು ಅಷ್ಟೇ. ಆದ್ರೆ ಒಟ್ಟಿಗೆ ಇದ್ದವರು ಯಾಕೆ ಒಡೀತಾರೆ ಅಂತ ಮಗುವಿಗೆ ಗೊತ್ತಾದ್ರೆ ಸಾಕಲ್ಲ?”

ಸೋಮವಾರ ಸಂಜೆ ಮೇಘನಾ ಕುಣಿಯುತ್ತ ಬಂದಳು. ಅಲ್ಲಿನ ಬಣಗಳು ಗಟ್ಟಿ ಪಕ್ಷಗಳಲ್ಲ, ಕಾಲಕಾಲಕ್ಕೆ ಕೂಡಿ ಒಡೆಯುವ ಗುಂಪುಗಳು ಎಂದು ವಿವರಿಸಿದ್ದಕ್ಕೆ ಪರೀಕ್ಷಕರು ತಲೆದೂಗಿದರಂತೆ. ಅಜ್ಜಿಯನ್ನು ಅಪ್ಪಿ ಮುದ್ದಾಡಿದಳು. ಪ್ರಿಂಟೌಟ್ ತೆಗೆಸಿಕೊಟ್ಟದ್ದಕ್ಕೆ ನನಗೂ ಥ್ಯಾಂಕ್ಸ್ ಹೇಳಿದಳು. ಅಷ್ಟರಲ್ಲೇ ನನಗೆ ತೃಪ್ತಿಯಾಯಿತು ಎಂದುಕೊಂಡೆ.

ಆದರೆ ಆ ವಾರವೇ ಕಚೇರಿಯಲ್ಲಿ ಊಟದ ಹೊತ್ತಿಗೆ ಇರಾನಿನ ಮಾತು ಬಂತು. ನಾನು ಡಬ್ಬಿ ಪಕ್ಕಕ್ಕಿಟ್ಟು, ಅತ್ತೆ ಬಿಡಿಸಿ ಹೇಳಿದ ಧಾಟಿಯಲ್ಲೇ ಅರ್ಧ ಗಂಟೆ ಮಾತಾಡಿದೆ. ಸಹೋದ್ಯೋಗಿ ಸೆಲ್ವಂ ಬೆರಗಾಗಿ, “ಎಂಗ ಸಾರ್ ಪಡಿಚೀಂಗ?” ಎಲ್ಲಿ ಓದಿದಿರಿ, ಎಂದು ಕೇಳಿದ. ನಾನು ಕನ್ನಡಕ ಒರೆಸಿಕೊಂಡು, ಸುಮಾರು ಗ್ರಂಥಗಳನ್ನು ನೋಡಬೇಕಾಯಿತು ಎಂದೆ. ಅತ್ತೆಗೆ ತಮಿಳಿನಲ್ಲಿ ಏನೆನ್ನುತ್ತಾರೆಂಬುದು, ಮೂವತ್ತು ವರ್ಷ ಚೆನ್ನೈಯ ನೀರು ಕುಡಿದ ನನಗೆ, ಆ ಕ್ಷಣದಲ್ಲಿ ಸಂಪೂರ್ಣ ಮರೆತುಹೋಗಿತ್ತು.